ಕಾಯಿ ಬೆಳೆದವರು ಒಬ್ಬರು, ಪತ್ರ ಹಿಡಿದವರು ಇನ್ನೊಬ್ಬರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಬೋರ್‌ವೆಲ್ ನೀರು ನಂಬಿ ಬೆಳೆಯುವ ಮಿಡಿಸೌತೆಗೆ ಊರ ಸಂತೆಯಲ್ಲಿ ಗಿರಾಕಿಯೇ ಇಲ್ಲ. ಹೊಲದಿಂದ ಹೊರಟ ಕಾಯಿ ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಮುಳುಗಿ, ಡ್ರಮ್ ಸೇರಿ ಸಮುದ್ರ ದಾಟುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಈ ಬೆಳೆ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದಂತೆ 2020–21ರಲ್ಲಿ ದೇಶದಿಂದ 2 ಲಕ್ಷ ಟನ್‌ಗೂ ಹೆಚ್ಚು ಮಿಡಿಸೌತೆ ರಫ್ತಾಗಿದೆ. ಸುಮಾರು 90,000 ಸಣ್ಣ ರೈತರು ಗುತ್ತಿಗೆ ಪದ್ಧತಿಯಲ್ಲಿ ಬೆಳೆಯುತ್ತಾರೆ. ಕೊಳ್ಳುವವರೆಲ್ಲ ಪರದೇಶದವರಾದ್ದರಿಂದ ಅವರ ಆಹಾರ ಸುರಕ್ಷತೆಯ ಕಟ್ಟಳೆಗಳೂ ಬೀಜದ ಜೊತೆಯಲ್ಲೇ ನಮ್ಮ ಹೊಲಕ್ಕೆ ಬಂದವು. ಅವು ಬಂದದ್ದರಲ್ಲಿ ತಪ್ಪಿಲ್ಲ. ಅವುಗಳನ್ನು ಪಾಲಿಸುವ ಭಾರ ರೈತರ ಹೆಗಲಿಗೂ, ಪಾಲಿಸಿದ್ದಕ್ಕೆ ಸಿಗುವ ಪತ್ರ ಕಂಪನಿಯ ಕಪಾಟಿಗೂ ಹೋದದ್ದು ಮಾತ್ರ ತಪ್ಪು.

ಇದರ ಬೇರು ಹುಡುಕಿ ಹೋದರೆ ಬ್ರಿಟನ್‌ಗೆ ಮುಟ್ಟುತ್ತೇವೆ. ಅಲ್ಲಿನ 1990ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ, ಸರಕಿನಲ್ಲಿ ದೋಷ ಕಂಡರೆ ಅಂಗಡಿಯವನು ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡಬೇಕು. ಸಾಬೀತಿಗೆ ಕಾಗದ ಬೇಕಲ್ಲ! ಯುರೋಪಿನ ದೊಡ್ಡ ಅಂಗಡಿ ಸರಪಳಿಗಳು 1997ರಲ್ಲಿ ಒಟ್ಟಾಗಿ 'ಯುರೆಪ್‌ಗ್ಯಾಪ್' ಎಂಬ ಕೃಷಿ ಮಾನದಂಡ ಕಟ್ಟಿದವು. 2007ರಲ್ಲಿ ಅದೇ 'ಗ್ಲೋಬಲ್‌ಗ್ಯಾಪ್' ಆಯಿತು. ಕಾನೂನು ಮಾಡಿದ್ದು ಸರ್ಕಾರ, ಅದರ ಹೆದರಿಕೆಗೆ ಮಾನದಂಡ ಬರೆದದ್ದು ವ್ಯಾಪಾರಿಗಳು. ಇತ್ತ 2008ರಿಂದ ಯುರೋಪಿನ ಒಕ್ಕೂಟವು ಕೀಟನಾಶಕದ ಉಳಿಕೆಗೆ ತನ್ನ ಎಲ್ಲ ಸದಸ್ಯ ದೇಶಗಳಲ್ಲೂ ಒಂದೇ ಮಿತಿ ತಂದಿತು. ಯಾವ ಔಷಧಿಗೆ ಪ್ರತ್ಯೇಕ ಮಿತಿ ಗೊತ್ತುಮಾಡಿಲ್ಲವೋ ಅದಕ್ಕೆ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ಒಂದು ಟನ್ ಕಾಯಿಗೆ 10 ಮಿಲಿಗ್ರಾಂ. ನಮ್ಮ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ದಾರಿ ಬೇರೆ. ಅದರ 18ನೇ ಕಲಮು ರೈತನನ್ನೂ ಹೊಲದ ಕೆಲಸವನ್ನೂ ಕಾಯ್ದೆಯಿಂದಲೇ ಹೊರಗಿಟ್ಟಿದೆ. ಹೀಗಾಗಿ ಹಗರಿಬೊಮ್ಮನಹಳ್ಳಿಯ ಒಬ್ಬನೇ ರೈತ ಈರುಳ್ಳಿ ಹೊಲದಲ್ಲಿ ನಿಂತಾಗ ಯಾರ ಲೆಕ್ಕಕ್ಕೂ ಸಿಗುವುದಿಲ್ಲ; ಬದು ದಾಟಿ ಮಿಡಿಸೌತೆಗೆ ಬಂದರೆ ಯಾವತ್ತು ಎಣ್ಣೆ ಹೊಡೆದೆ, ಯಾವುದು, ಎಷ್ಟು ಎಂದು ಪುಸ್ತಕದಲ್ಲಿ ಬರೆಯಬೇಕು.

ಬರೆಯುವುದು ಕಷ್ಟವಲ್ಲ, ಕಾಯುವುದು ಕಷ್ಟ. ಪ್ರತಿ ಔಷಧಿಗೂ ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕಾಯಿ ಬಿಡಿಸಬಾರದೆಂಬ ಅವಧಿ ಇರುತ್ತದೆ. ದಾಳಿಂಬೆಗೆ ಇದು ದೊಡ್ಡ ಮಾತಲ್ಲ, ಹಣ್ಣು ಗಿಡದಲ್ಲೇ ಇರುತ್ತದೆ. ಮಿಡಿಸೌತೆಯನ್ನು ದಿನಾ ಬಿಡಿಸಬೇಕು. ಕಿಲೋಗೆ ಎಷ್ಟು ಹೆಚ್ಚು ಕಾಯಿ ತೂಗುತ್ತವೋ ಅಷ್ಟು ಮೇಲಿನ ಗ್ರೇಡು, ಅಷ್ಟು ಹೆಚ್ಚು ದರ. ಒಂದು ದಿನ ಬಿಟ್ಟರೆ ಮಿಡಿ ಬಲಿತು ಕೆಳಗಿನ ಗ್ರೇಡಿಗೆ ಇಳಿಯುತ್ತದೆ, ಮೂರು ದಿನ ಬಿಟ್ಟರೆ ಎತ್ತಿಗೆ ಹಾಕಬೇಕಾದೀತು. ಬೂಜುರೋಗವೋ ಹಣ್ಣುನೊಣವೋ ಕಂಡಾಗ ಔಷಧಿ ಹೊಡೆದು ಕಾಯದಿದ್ದರೆ ಮಾಲು ತಿರಸ್ಕೃತ, ಕಾದರೆ ದರ ಹೋಯಿತು. ಸುರಕ್ಷತೆಯ ನಿಜವಾದ ಬೆಲೆ ಈ ಕಾದ ದಿನಗಳಲ್ಲಿದೆ. ಪ್ರಯೋಗಾಲಯದ ರಸೀದಿಯಲ್ಲಿ ಅದು ಕಾಣುವುದಿಲ್ಲ.

ಇನ್ನು ಪತ್ರದ ಮಾತು. ಗ್ಲೋಬಲ್‌ಗ್ಯಾಪ್‌ನಲ್ಲಿ ಸಣ್ಣ ರೈತರಿಗೆ ಒಗ್ಗುವ ಗುಂಪು ಪ್ರಮಾಣೀಕರಣ ಉಂಟು. ಗುಂಪು ತನ್ನ ಎಲ್ಲ ಸದಸ್ಯರ ಹೊಲಗಳನ್ನು ತಾನೇ ಪರಿಶೀಲಿಸಬೇಕು. ಹೊರಗಿನ ತಪಾಸಣೆಗಾರ ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ಹೊಲ ನೋಡಿದರೆ ಸಾಕು, ನೂರು ಜನರಿದ್ದರೆ ಹತ್ತು. ಗುಂಪನ್ನು ಕಟ್ಟಿ ಖರ್ಚು ಹಾಕಿದವರು ರಫ್ತುದಾರರಾದರೆ ಪತ್ರವೂ ಅವರ ಹೆಸರಿನಲ್ಲೇ. ಮುಂದಿನ ಹಂಗಾಮಿನಲ್ಲಿ ದರ ಸರಿಬರದೆ ಬೇರೆ ಕಂಪನಿಗೆ ಹೋಗುವ ರೈತ ಹತ್ತು ವರ್ಷ ಶುದ್ಧವಾಗಿ ಬೆಳೆದಿದ್ದರೂ ಬರಿಗೈಯಲ್ಲೇ ಹೋಗುತ್ತಾನೆ.

ಖರ್ಚು ಕಂಪನಿಯದು, ಬೀಜ, ಔಷಧಿ, ಸಲಹೆ, ಖಾತ್ರಿ ದರ ಎಲ್ಲವನ್ನೂ ಅವರೇ ಕೊಡುವಾಗ ಪತ್ರವನ್ನೂ ಅವರೇ ಇಟ್ಟುಕೊಳ್ಳುವುದರಲ್ಲೇನು ಅನ್ಯಾಯ ಎನ್ನಬಹುದು. ಒಪ್ಪತಕ್ಕ ಮಾತೇ. ಮಳೆ ನಂಬಲಾಗದ ಕೂಡ್ಲಿಗಿಯಂಥ ಕಡೆ ಮೂರು ತಿಂಗಳಲ್ಲಿ ಕೈಗೆ ಕಾಸು ತರುವ ಬೆಳೆ ಬೇರೆ ಹೆಚ್ಚಿಲ್ಲ. ಆದರೆ ಪತ್ರಕ್ಕೆ ಆಧಾರ ರೈತ ಬರೆದ ಪುಸ್ತಕ, ರೈತ ಕಾದ ದಿನ. ಆ ಬಂಡವಾಳವನ್ನು ಲೆಕ್ಕಕ್ಕೇ ಹಿಡಿಯದೆ ಖರ್ಚು ಯಾರದೆಂದು ಹೇಳಲಾಗದು. ಇನ್ನೊಂದು ಆಕ್ಷೇಪ ಹೆಚ್ಚು ಗಡುಸಾದದ್ದು: ಈ ಮಾನದಂಡಗಳೆಲ್ಲ ಶ್ರೀಮಂತ ದೇಶಗಳು ವ್ಯಾಪಾರಕ್ಕೆ ಹಾಕಿದ ಬೇಲಿ, ಇವನ್ನು ಪಾಲಿಸುವುದೇ ಗುಲಾಮಗಿರಿ ಎಂಬುದು. ಬೇಲಿಯ ಗುಣ ಅವಕ್ಕೆ ಇಲ್ಲದಿಲ್ಲ. ಆದರೂ ಔಷಧಿಯ ವಿಷ ಮೊದಲು ತಾಗುವುದು ಜರ್ಮನಿಯ ಊಟದ ಮೇಜಿಗಲ್ಲ; ಬೆನ್ನಿಗೆ ಪಂಪು ಕಟ್ಟಿದವನಿಗೆ, ಬೆಳಿಗ್ಗೆ ಅದೇ ಬಳ್ಳಿಗೆ ಕೈಹಾಕಿ ಕಾಯಿ ಬಿಡಿಸುವ ಹೆಂಗಸರಿಗೆ. ಕಾಯುವ ಅವಧಿಯಿಂದ ಅವರಿಗೂ ಲಾಭ. ಕಾದದ್ದನ್ನು ಕೇಳುವವರೇ ಇಲ್ಲದ ಈರುಳ್ಳಿ, ಟೊಮೆಟೊ ಹೊಲದ ಕೂಲಿಯವರಿಗೆ ಈ ರಕ್ಷಣೆಯೂ ಇಲ್ಲ.

ಹಾಗಿದ್ದರೆ ಆಗಬೇಕಾದದ್ದು ನಿಯಮದ ಸಡಿಲಿಕೆಯಲ್ಲ. ಗುಂಪಿನ ಯಜಮಾನಿಕೆ ರೈತ ಉತ್ಪಾದಕ ಕಂಪನಿಗೆ ಬರಲಿ. ಗ್ಲೋಬಲ್‌ಗ್ಯಾಪ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಗುಂಪು ಕಟ್ಟಿ ಪುಸ್ತಕ ನೋಡಿಕೊಳ್ಳಲು ಓದು ಬಲ್ಲ ನಾಲ್ಕು ಹುಡುಗರಿಗೆ ಸಂಬಳ ಬೇಕು, ಅದನ್ನು ತೋಟಗಾರಿಕೆ ಇಲಾಖೆ ಮೊದಲ ಕೆಲವು ವರ್ಷ ಕೊಡಬಹುದು. ಅಲ್ಲಿಯತನಕ ಗುತ್ತಿಗೆ ಕರಾರಿನಲ್ಲಿ ಎರಡು ಸಾಲು ಸೇರಿದರೂ ಸಾಕು: ಕಂಪನಿಯ ಸಲಹೆಯಂತೆ ಎಣ್ಣೆ ಹೊಡೆದು ಕಾದಾಗ ಬಲಿತ ಕಾಯಿಗೆ ಹಿಂದಿನ ಗ್ರೇಡಿನ ದರವೇ ಸಿಗಬೇಕು, ಹಂಗಾಮು ಮುಗಿದ ಮೇಲೆ ಹೊಲದ ದಾಖಲೆಯ ಒಂದು ಪ್ರತಿ ರೈತನ ಕೈಗೆ ಬರಬೇಕು.