ಅಪ್ಪ ಓದಿದ 11ನೇ ಕಾಲಂ

ಎರಡು ವರ್ಷದಿಂದ ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮನೆಗೆ ಯಾರೇ ಬಂದರೂ ಅವ್ವ, ‘ಅಂವಾ ಓದಾಕತ್ತಾನ, ಸಣ್ಣಗ ಮಾತಾಡ್ರಿ’ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಓದುವವನು ನಾನೊಬ್ಬನೇ ಎಂದು ನಾನೂ ನಂಬಿದ್ದೆ. ಕಳೆದ ಜೂನ್‌ನಲ್ಲಿ ಒಂದೇ ಒಂದು ಪಹಣಿ ಆ ನಂಬಿಕೆಯನ್ನು ಮುರಿಯಿತು.

ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗಾಗಿ ಹೊಲದ ಮೇಲೆ ಸಾಲ ತೆಗೆಯಬೇಕಿತ್ತು. ಪಹಣಿ ತಂದ ನಾನು ಬಸ್ಸಿನಲ್ಲೇ ಕಣ್ಣಾಡಿಸಿದೆ. 9ನೇ ಕಾಲಂನಲ್ಲಿ ಅಪ್ಪನ ಹೆಸರಿತ್ತು, ವಿಸ್ತೀರ್ಣವೂ ಸರಿ ಇತ್ತು. ‘ಎಲ್ಲಾ ಬರೋಬ್ಬರಿ ಐತಿ’ ಎಂದು ಅಪ್ಪನ ಕೈಗಿಟ್ಟೆ.

ಅಪ್ಪ ಓದಿದ್ದು ಐದನೇ ಇಯತ್ತೆ. ಕಟ್ಟೆಯ ಮೇಲೆ ಕುಳಿತು, ಕನ್ನಡಕ ಏರಿಸಿ, ಅಕ್ಷರಗಳ ಕೆಳಗೆ ಬೆರಳಿಟ್ಟು ಓದತೊಡಗಿದ. ಒಂದು ಹಾಳೆಗೆ ಇಷ್ಟು ಹೊತ್ತೇ ಎಂದು ನನಗೆ ಬೇಸರ. ಬೆರಳು ಒಂದು ಕಡೆ ನಿಂತಿತು.

‘ತಮ್ಮಾ, ಸಾಲ ತೀರಿಸಿ ವರ್ಷ ಆತು. ಹನ್ನೊಂದರಾಗ ಬ್ಯಾಂಕಿನ ಹೆಸರು ಇನ್ನೂ ಐತೆಲ್ಲ?’

ಹೊಲದ ಮೇಲಿನ ಋಣ ನಮೂದಾಗುವುದು ಆ 11ನೇ ಕಾಲಂನಲ್ಲೇ. ಹಣ ಕಟ್ಟಿದ ಮೇಲೆ ಅದು ತಾನಾಗಿಯೇ ಹೋಗುತ್ತದೆ ಎಂದುಕೊಂಡಿದ್ದೆ. ಸಾಲ ತೀರಿದೆ ಎಂಬ ಪತ್ರ ತಂದುಕೊಟ್ಟು, ಹೆಸರು ತೆಗೆಸುವಷ್ಟರಲ್ಲಿ ಮೂರು ವಾರ ಹಿಡಿಯಿತು. ಫೀಸು ಕಟ್ಟಲು ಉಳಿದಿದ್ದು ಎರಡೇ ದಿನ. ನನ್ನ ‘ಬರೋಬ್ಬರಿ’ಯನ್ನು ನಂಬಿದ್ದರೆ ತಂಗಿಯ ಸೀಟು ಹೋಗುತ್ತಿತ್ತು.

ಅಂದಿನಿಂದ ಮನೆಯವರ ಓದನ್ನು ಗಮನಿಸತೊಡಗಿದೆ. ಬೀಜದ ಚೀಲ ತಂದರೆ ಅಪ್ಪ ಮೊದಲು ಹುಡುಕುವುದು ಚೀಟಿಯ ಮೇಲಿನ ಕೊನೆಯ ದಿನಾಂಕವನ್ನು. ಅವ್ವ ಸ್ವಸಹಾಯ ಸಂಘದ ಪಾಸ್‌ಬುಕ್ಕಿನ ಪ್ರತಿ ಸಾಲನ್ನೂ ಬಾಯಲ್ಲಿ ಕೂಡಿಸಿಕೊಂಡೇ ಸಹಿ ಹಾಕುತ್ತಾಳೆ. ಅಕ್ಷರವೇ ಬಾರದ ಅಜ್ಜಿಯೂ ಬಿಪಿ ಗುಳಿಗೆಯ ಪಟ್ಟಿಯನ್ನು ಬಣ್ಣದಿಂದ ‘ಓದುತ್ತಾಳೆ’. ಒಮ್ಮೆ ಅಂಗಡಿಯವರು ಬೇರೆ ಕಂಪನಿಯದು ಕೊಟ್ಟಾಗ, ‘ಇದು ನಂದಲ್ಲ, ಕೇಳ್ಕೊಂಡು ಬಾ’ ಎಂದು ನನ್ನನ್ನು ವಾಪಸ್ ಕಳಿಸಿದ್ದಳು. ಔಷಧ ಅದೇ ಆಗಿತ್ತು ನಿಜ, ಆದರೆ ಕೇಳದೆ ಆಕೆ ನುಂಗಲಿಲ್ಲ.

ಇವರ್ಯಾರೂ ಪುಟ ಮುಗಿಸಲು ಓದುವವರಲ್ಲ. ತಪ್ಪಿ ಓದಿದರೆ ಹೊಲವೋ ದುಡ್ಡೋ ಜೀವವೋ ಹೋಗುತ್ತದೆ ಎಂದು ಗೊತ್ತಿರುವವರು. ನಾನೋ, ದಿನಕ್ಕೆ ನೂರು ಪುಟ ಮುಗಿಸಿದೆ ಎಂದು ಗೆಳೆಯರಿಗೆ ಹೇಳಿಕೊಳ್ಳುವವನು. ಹೋದ ಸಲದ ಪರೀಕ್ಷೆಯಲ್ಲಿ ‘ಯಾವುದು ಸರಿಯಲ್ಲ’ ಎಂದು ಕೇಳಿದ್ದ ಪ್ರಶ್ನೆಗಳಿಗೆ ಸರಿಯಾದುದನ್ನೇ ಗುರುತು ಹಾಕಿ ಬಂದಿದ್ದೆ. ಉತ್ತರ ಗೊತ್ತಿತ್ತು, ಪ್ರಶ್ನೆ ಓದಿರಲಿಲ್ಲ.

ಈಗ ಪುಟ ಎಣಿಸುವುದನ್ನು ಬಿಟ್ಟಿದ್ದೇನೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ. ಪಕ್ಕದವರು ನಕ್ಕರೂ ಚಿಂತೆಯಿಲ್ಲ, ಪ್ರಶ್ನೆಪತ್ರಿಕೆಯ ಮೇಲೆ ಅಪ್ಪನಂತೆ ಬೆರಳಿಟ್ಟೇ ಓದುತ್ತೇನೆ.