ನಿರಾಕರಣೆಯೂ ಒಂದು ಉತ್ತರವೇ

1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ‘ಪರಮ್ 8000’ ಎಂಬ ಮಹಾಗಣಕವನ್ನು ನಿರ್ಮಿಸಿದಾಗ, ಅನೇಕ ಪ್ರೊಸೆಸರುಗಳು ಪರಸ್ಪರ ಸಂದೇಶಗಳನ್ನು ಕಳುಹಿಸಿಕೊಳ್ಳುತ್ತ ಒಂದೇ ಲೆಕ್ಕವನ್ನು ಹಂಚಿಕೊಂಡು ಮುಗಿಸುವ ಮಾರ್ಗವನ್ನು ಅವಲಂಬಿಸಿತು. ಅದೇ ನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಸೊಲ್ಲಾಪುರದಿಂದಲೋ ಬೆಳಗಾವಿಯಿಂದಲೋ ಬಂದ ವಿದ್ಯಾರ್ಥಿಯು ಬರೆಯುವ ಹತ್ತಿಪ್ಪತ್ತು ಸಾಲಿನ ಸಾಕೆಟ್ ಪ್ರೋಗ್ರಾಮಿಗೂ ಕಷ್ಟವೆಂಬುದು ಬರುವುದು ಈ ಸಂದೇಶದ ಹಾದಿಯಲ್ಲಿಯೇ.

1983ರ ಬರ್ಕ್ಲಿ ಯೂನಿಕ್ಸಿನಿಂದ ಪ್ರಚಾರಕ್ಕೆ ಬಂದ ಈ ಸಾಕೆಟ್ ಏರ್ಪಾಡಿನಲ್ಲಿ ಸರ್ವರ್ ಎಂಬ ಪ್ರೋಗ್ರಾಮು ಒಂದು ವಿಳಾಸವನ್ನೂ, 65535ರವರೆಗಿನ ಪೋರ್ಟ್ ಸಂಖ್ಯೆಗಳಲ್ಲಿ ಒಂದನ್ನೂ ಹಿಡಿದು ಕಾದಿರುತ್ತದೆ. ಕ್ಲೈಂಟ್ ಅದನ್ನು ಅರಸಿ ಬರುತ್ತದೆ. ಬಂದದ್ದು ವಿಫಲವಾಯಿತೆಂದರೆ ‘ನೆಟ್ ಹೋಗೈತ್ರಿ ಸರ್’ ಎಂದು ವಿದ್ಯಾರ್ಥಿ ಕೈಚೆಲ್ಲುವುದುಂಟು. ಆದರೆ ಪರದೆಯ ಮೇಲೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದಿದ್ದರೆ (ಲಿನಕ್ಸಿನಲ್ಲಿ ಇದರ ಸಂಖ್ಯೆ 111) ನೆಟ್ ಹೋಗಿಲ್ಲವೆಂಬುದಕ್ಕೆ ಅದೇ ಸಾಕ್ಷಿ: ಸಂದೇಶವು ಎದುರಿನ ಯಂತ್ರವನ್ನು ಮುಟ್ಟಿ, ಆ ಪೋರ್ಟಿನಲ್ಲಿ ಯಾರೂ ಇಲ್ಲವೆಂಬ ಉತ್ತರವು ಸಾಮಾನ್ಯವಾಗಿ ಕ್ಷಣಾರ್ಧದಲ್ಲಿ ಮರಳಿರುತ್ತದೆ. ಸರ್ವರನ್ನು ಆರಂಭಿಸಲು ಮರೆತಿರಬಹುದು, ಅಥವಾ ಒಂದು ಕಡೆ 5000, ಇನ್ನೊಂದು ಕಡೆ 5001 ಎಂದು ಬರೆದಿರಬಹುದು. ಬಹುಕಾಲ ಸುಮ್ಮನಿದ್ದು ಕೊನೆಗೆ ‘ಟೈಮ್ಡ್ ಔಟ್’ ಎನ್ನುವ ದೋಷವೇ ಹೆಚ್ಚು ಕಠಿಣವಾದುದು. ವಿಳಾಸ ತಪ್ಪಿರಬಹುದು, ಯಂತ್ರವೇ ಆರಿರಬಹುದು, ನಡುವಿನ ಫೈರ್‌ವಾಲ್ ಸಂದೇಶವನ್ನು ಸದ್ದಿಲ್ಲದೆ ನುಂಗಿರಬಹುದು. ಮೌನಕ್ಕಿಂತ ನಿರಾಕರಣೆಯನ್ನೇ ನಾನು ಸ್ವಾಗತಿಸುತ್ತೇನೆ.

ಒಂದೇ ಯಂತ್ರದಲ್ಲಿ ಸೊಗಸಾಗಿ ನಡೆದ ಪ್ರೋಗ್ರಾಮು ಪಕ್ಕದ ಮೇಜಿನ ಯಂತ್ರದಿಂದ ನಿರಾಕೃತವಾಗುವುದು ಎಲ್ಲಕ್ಕಿಂತ ವಿಸ್ಮಯಕರವಾಗಿ ತೋರುತ್ತದೆ. ಸರ್ವರು 127.0.0.1 ಎಂಬ ವಿಳಾಸವನ್ನು ಹಿಡಿದಿದ್ದರೆ, ಅದು ತನ್ನ ಯಂತ್ರದ ಒಳಗಿನ ಕರೆಗಳಿಗಲ್ಲದೆ ಹೊರಗಿನವಕ್ಕೆ ಕಿವಿಗೊಡದು, 0.0.0.0 ಎಂದು ತಿದ್ದಿದರೆ ಯಂತ್ರದ ಎಲ್ಲ ವಿಳಾಸಗಳಲ್ಲಿಯೂ ಕರೆಗಳನ್ನು ಆಲಿಸುತ್ತದೆ.

ಇನ್ನು, ಸರ್ವರನ್ನು ನಿಲ್ಲಿಸಿ ಕೂಡಲೇ ಮತ್ತೆ ಆರಂಭಿಸಹೊರಟಾಗ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂಬ ತಡೆ ಎದುರಾದೀತು. ಸಂಪರ್ಕವನ್ನು ಮೊದಲು ಮುಗಿಸಿದ ಪಕ್ಷವು, ಹಿಂದುಳಿದ ಸಂದೇಶಗಳು ಹೊಸ ಸಂಪರ್ಕದೊಳಗೆ ನುಸುಳದಿರಲೆಂದು, ಲಿನಕ್ಸಿನಲ್ಲಿ ಸುಮಾರು 60 ಸೆಕೆಂಡು ಆ ಸಂಪರ್ಕದ ನೆನಪನ್ನು ಕಾಯ್ದುಕೊಳ್ಳುತ್ತದೆ. ಕಾಯಲಾರದವರು ವಿಳಾಸವನ್ನು ಹಿಡಿಯುವುದಕ್ಕೆ, ಅಂದರೆ ಬೈಂಡ್ ಮಾಡುವುದಕ್ಕೆ, ಮುನ್ನವೇ ‘ರಿಯೂಸ್ ಅಡ್ರೆಸ್’ ಎಂಬ ಆಯ್ಕೆಯನ್ನು ಸೇರಿಸತಕ್ಕದ್ದು. ಸರ್ವರಿನ ಹಳೆಯ ಪ್ರತಿಯೊಂದು ಇನ್ನೊಂದು ಕಿಟಕಿಯಲ್ಲಿ ಇನ್ನೂ ಓಡುತ್ತಿದ್ದರೆ ಮಾತ್ರ ಆ ಆಯ್ಕೆಯಿಂದ ಪ್ರಯೋಜನವಿಲ್ಲ. ನೆಟ್‌ಸ್ಟ್ಯಾಟ್ ಆದೇಶದಿಂದ ಅದನ್ನು ಪತ್ತೆಹಚ್ಚಿ ನಿಲ್ಲಿಸಲೇಬೇಕು.