ಕೊರಳಿನೊಳಗಿನ ನಾಲ್ಕು ಕಾಳುಗಳು

ಮನುಷ್ಯನ ಕೊರಳಿನಲ್ಲಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು, ಬೇಳೆಕಾಳಿನಷ್ಟು ಚಿಕ್ಕವಾದ ನಾಲ್ಕು ಗ್ರಂಥಿಗಳಿವೆ. ಅವಕ್ಕೆ ಪ್ಯಾರಾಥೈರಾಯ್ಡ್ ಗ್ರಂಥಿಗಳೆಂದು ಹೆಸರು. ಇವು ಮೊದಲು ಕಣ್ಣಿಗೆ ಬಿದ್ದುದು ೧೮೫೦ರ ಸುಮಾರಿಗೆ, ಲಂಡನ್ನಿನ ಮೃಗಾಲಯದಲ್ಲಿ ಸತ್ತ ನಮ್ಮ ದೇಶದ ಒಂದು ಘೇಂಡಾಮೃಗದ ಕೊರಳಿನಲ್ಲಿ! ಮನುಷ್ಯನಲ್ಲಿ ಇವನ್ನು ಗುರುತಿಸಿ ೧೮೮೦ರಲ್ಲಿ ವಿವರವಾಗಿ ಬರೆದವನು ಸ್ವೀಡನ್ ದೇಶದ ಐವಾರ್ ಸ್ಯಾಂಡ್‌ಸ್ಟ್ರೋಮ್. ಈ ಶೋಧನೆಯಲ್ಲಿ ತೊಡಗಿದಾಗ ಅವನಿನ್ನೂ ವಿದ್ಯಾರ್ಥಿ. ನಾನಾದರೋ ಇತಿಹಾಸದ ವಿದ್ಯಾರ್ಥಿ. ಈ ವಿಷಯವನ್ನು ಓದತೊಡಗಿದುದು ನಮ್ಮ ಸೋದರಮಾವನವರ ಕಾಯಿಲೆಯ ದೆಸೆಯಿಂದ.

ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಮೆಯಾಗದಂತೆ ಕಾಯುವುದೇ ಈ ಗ್ರಂಥಿಗಳ ಕೆಲಸ. ಬೇಲೂರಿನ ಮದನಿಕೆಯರನ್ನು ಕೆತ್ತಿದ ಬಳಪದ ಕಲ್ಲು ಒಮ್ಮೆ ಗಟ್ಟಿಯಾಯಿತೆಂದರೆ ಶತಮಾನಗಳವರೆಗೆ ಹಾಗೆಯೇ ನಿಲ್ಲುತ್ತದೆ. ನಮ್ಮ ಮೂಳೆಯೂ ಅಂಥದೇ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಮೂಳೆಯು ಸುಣ್ಣದ ಕಣಜ. ದಿನವೂ ತುಂಬುತ್ತದೆ, ದಿನವೂ ಬರಿದಾಗುತ್ತದೆ. ರಕ್ತದಲ್ಲಿ ಸುಣ್ಣ ಇಳಿಯಿತೆಂದರೆ ಗ್ರಂಥಿಗಳು ತಮ್ಮ ರಸವನ್ನು ಸುರಿಸುತ್ತವೆ. ಆ ರಸವು ಮೂಳೆಯಿಂದ ಸುಣ್ಣವನ್ನು ಬಿಡಿಸುತ್ತದೆ. ಸುಣ್ಣವನ್ನು ಉಳಿಸಿಕೊಂಡು ರಂಜಕವನ್ನು ಹೊರಹಾಕುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಕರುಳು ಸುಣ್ಣವನ್ನು ಹೀರಲು ಬೇಕಾದ ಡಿ ಜೀವಸತ್ವವನ್ನು ಅದೇ ಮೂತ್ರಪಿಂಡದಲ್ಲಿ ಹದಗೊಳಿಸುತ್ತದೆ.

ಮೂತ್ರಪಿಂಡವೇ ಕೆಟ್ಟರೆ? ರಂಜಕ ರಕ್ತದಲ್ಲಿಯೇ ಉಳಿಯುತ್ತದೆ, ಡಿ ಜೀವಸತ್ವ ಹದಗೊಳ್ಳುವುದಿಲ್ಲ, ಸುಣ್ಣ ಇಳಿಯುತ್ತದೆ. ಗ್ರಂಥಿಗಳು ಹಗಲಿರುಳೂ ದುಡಿದು ಊದಿಕೊಳ್ಳುತ್ತವೆ. ಮೂಳೆ ಸವೆಯುತ್ತದೆ, ಅಲ್ಲಿಂದ ಹೊರಟ ಸುಣ್ಣ ರಕ್ತನಾಳಗಳ ಗೋಡೆಗೆ ಮೆತ್ತಿಕೊಳ್ಳುತ್ತದೆ. ಡಯಾಲಿಸಿಸ್ ಯಂತ್ರ ಒಂದು ಸಾರಿಗೆ ತೆಗೆಯುವ ರಂಜಕ ಹೆಚ್ಚೆಂದರೆ ಒಂದು ಗ್ರಾಮಿನ ಆಸುಪಾಸು. ದಿನದ ಊಟದಲ್ಲಿ ಬರುವುದೂ ಸುಮಾರು ಅಷ್ಟೇ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ವಾರಕ್ಕೆ ಡಯಾಲಿಸಿಸ್ ಎರಡು ಮೂರು ದಿನ, ಊಟ ಏಳು ದಿನ. ಲೆಕ್ಕ ಹೇಗೆ ಸರಿಹೋದೀತು?

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಅರಸೀಕೆರೆ ತಾಲ್ಲೂಕಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಹಲ್ಲು ಕಂದುವುದು, ಕೀಲು ಬಿಗಿಯುವುದು ಇಲ್ಲಿ ಹಳೆಯ ಮಾತು. ಆದುದರಿಂದಲೇ ಮಾವನವರು ಕಾಲಿನ ಮೂಳೆ ನೋವೆಂದು ರಾತ್ರಿಯೆಲ್ಲ ನರಳಿದಾಗ "ನೀರಿನ ದೋಷ" ಎಂದವರು ಕೆಲವರು, "ವಯಸ್ಸಾಯಿತು" ಎಂದವರು ಕೆಲವರು. ಮೈ ತುರಿಕೆಗೆ ಕಾರಣ ಕೇಳಿದವರೇ ಇಲ್ಲ. ಕಡೆಗೆ ರಕ್ತಪರೀಕ್ಷೆಯಾಯಿತು. ಆರೋಗ್ಯವಂತರಲ್ಲಿ ೬೫ರ ಒಳಗಿರಬೇಕಾದ ಆ ರಸದ ಪ್ರಮಾಣ ಅವರಲ್ಲಿ ಸಾವಿರ ದಾಟಿತ್ತು. ಡಯಾಲಿಸಿಸ್ ರೋಗಿಗಳಲ್ಲಿ ಅದು ಕೊಂಚ ಏರಿರುವುದು ಸಹಜ, ಇದು ಸಹಜವಲ್ಲ. ನೀರಿನ ದೋಷವೂ ಸುಳ್ಳೆನ್ನಲಾರೆ. ಫ್ಲೋರೈಡನ್ನು ಹೊರಹಾಕುವುದೂ ಮೂತ್ರಪಿಂಡವೇ ಆದುದರಿಂದ, ಅದು ಸೋತವರ ಮೂಳೆಯಲ್ಲಿ ಫ್ಲೋರೈಡ್ ಹೆಚ್ಚು ಸೇರುತ್ತದೆ. ಆದರೆ ಒಂದು ಕಾರಣ ಗೊತ್ತಿದೆಯೆಂದು ಇನ್ನೊಂದನ್ನು ಹುಡುಕದೆ ಬಿಡುವುದು ನಮ್ಮ ಜನರ ದೊಡ್ಡ ಅಭ್ಯಾಸ.

ಆಗ ತಿಳಿದ ಸಂಗತಿ ಇನ್ನೊಂದು. ರಂಜಕವನ್ನು ಹಿಡಿದಿಡುವ ಮಾತ್ರೆಯನ್ನು ಮಾವನವರು ಉಳಿದ ಮಾತ್ರೆಗಳೊಂದಿಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದರು. ಅದು ಊಟದಲ್ಲಿನ ರಂಜಕವನ್ನು ಕರುಳಿನಲ್ಲಿಯೇ ಕಟ್ಟಿಹಾಕುವ ಮಾತ್ರೆ. ಊಟದ ಜೊತೆಗೇ ಹೋಗಬೇಕು. ಊಟವಿಲ್ಲದೆ ಅದು ಏನನ್ನು ಕಟ್ಟೀತು? ಆಹಾರದಲ್ಲಿಯೂ ವ್ಯತ್ಯಾಸವಿದೆ. ರಾಗಿ, ಬೇಳೆಗಳ ರಂಜಕದಲ್ಲಿ ಒಂದು ಭಾಗ ಮಾತ್ರ ಮೈಗೆ ಹತ್ತುತ್ತದೆ. ಬಸ್ ನಿಲ್ದಾಣದಲ್ಲಿ ಮಾರುವ ಕಪ್ಪು ಕೋಲಾ ಪಾನೀಯದಲ್ಲಿ ಬೆರೆಸಿದ ರಂಜಕ ಬಹುಮಟ್ಟಿಗೆ ಪೂರ್ತಿಯಾಗಿಯೇ ಹತ್ತುತ್ತದೆ. (ಅದರ ಬದಲು ಎಳನೀರು ಕುಡಿಯೋಣವೆಂದರೆ ಅದರ ಪೊಟ್ಯಾಸಿಯಂ ಇಂಥ ರೋಗಿಯ ಹೃದಯಕ್ಕೆ ಅಪಾಯ. ತೆಂಗಿನ ಸೀಮೆಯವರಿಗೆ ಇದು ಕಠಿಣವೇ.)

ಹೊಸ ಮೂತ್ರಪಿಂಡ ಕಸಿ ಮಾಡಿದರೆ ಎಲ್ಲವೂ ಮುಗಿಯಿತೆಂದು ನಾನು ತಿಳಿದಿದ್ದೆ. ವರ್ಷಗಟ್ಟಲೆ ಊದಿದ ಗ್ರಂಥಿಗಳು ಒಂದೇ ದಿನದಲ್ಲಿ ಕುಗ್ಗುವುದಿಲ್ಲವಂತೆ. ಹಳೆಯ ರಭಸದಲ್ಲಿಯೇ ರಸ ಸುರಿಸುತ್ತವೆ. ಈಗ ಆಜ್ಞೆ ಕೇಳುವ ಮೂತ್ರಪಿಂಡವೂ ಇರುವುದರಿಂದ ರಕ್ತದಲ್ಲಿ ಸುಣ್ಣ ಏರುತ್ತದೆ, ರಂಜಕ ಇಳಿಯುತ್ತದೆ. ಏರಿದ ಸುಣ್ಣ ಹೊಸ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಅನೇಕರಲ್ಲಿ ಇದು ಒಂದು ವರ್ಷದೊಳಗೆ ತಗ್ಗುತ್ತದೆ. ಅದಕ್ಕೇ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತ ಕಾಯುತ್ತಾರೆ.

ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯುಂಟು. ಮೂರೂವರೆ ಗ್ರಂಥಿಗಳನ್ನು ತೆಗೆದು ಅರ್ಧವನ್ನು ಉಳಿಸುವುದು ಒಂದು ಕ್ರಮ. ನಾಲ್ಕನ್ನೂ ತೆಗೆದು ಒಂದು ಚೂರನ್ನು ಮುಂಗೈಯ ಸ್ನಾಯುವಿನಲ್ಲಿ ನೆಡುವುದು ಇನ್ನೊಂದು. ಹಸಿದ ಮೂಳೆಗಳು ರಕ್ತದ ಸುಣ್ಣವನ್ನೆಲ್ಲ ಹೀರತೊಡಗುವುದರಿಂದ ಆ ಮೇಲಿನ ಕೆಲವು ದಿನ ರೋಗಿಗೆ ಸುಣ್ಣವನ್ನು ಧಾರಾಳವಾಗಿ ಕೊಡಬೇಕಾಗುತ್ತದೆ. ಮುಂಗೈಯೇ ಏಕೆಂದರೆ, ನೆಟ್ಟ ಚೂರು ಮುಂದೆಂದಾದರೂ ಮತ್ತೆ ಊದಿದರೆ, ಕೊರಳನ್ನು ಎರಡನೆಯ ಸಲ ಕೊಯ್ಯದೆ ಅಲ್ಲಿಂದಲೇ ತೆಗೆಯಬಹುದು.